ಒಪ್ಪದ ಚುಕ್ಕೆಗಳು

ನಂಜನಗೂಡಿನಲ್ಲಿ ನಾನು ಬಾಡಿಗೆಗೆ ಇರುವ ಕೋಣೆಯ ಕೆಳಗೆ ನೀರಿನ ಮೋಟಾರು ರಿಪೇರಿ ಮಾಡುವ ಅಂಗಡಿಯಿದೆ. ರಿಪೇರಿಯಾದ ಮೋಟಾರನ್ನು ಬಾಗಿಲ ಮುಂದೆ ಇಟ್ಟು ಓಡಿಸಿ ನೋಡುತ್ತಾರೆ. ಆಗ ನನ್ನ ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗುತ್ತದೆ. ಕೆಲಸದ ದಿನಗಳಲ್ಲಿ ನನ್ನ ಕೋಣೆಯೊಳಕ್ಕೆ ಹೊರಗಿನಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ಅದೊಂದೇ.

ಎಂ.ಎಸ್ಸಿ. ಮುಗಿದ ಮೇಲೆ ನಾನು ಈ ಊರಿಗೆ ಬಂದದ್ದು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ. ಆ ಕೆಲಸ ನಿಂತುಹೋಯಿತು. ಜೊತೆಯಲ್ಲಿದ್ದ ಹುಡುಗಿಯರು ಮೈಸೂರಿಗೋ ಮದುವೆಗೋ ಹೋದರು. ನಾನು ಕೋಣೆ ಬಿಡಲಿಲ್ಲ. ಆ ಹೊತ್ತಿಗೆ ಈ ಹೊಸ ಕೆಲಸ ಸಿಕ್ಕಿತ್ತು, ಇದಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪು, ಒಳ್ಳೆಯ ನೆಟ್ಟು, ಎರಡು ಕಣ್ಣು ಮಾತ್ರ. ಅಮ್ಮ ಫೋನಿನಲ್ಲಿ ಆಗಾಗ ಕೇಳುತ್ತಿದ್ದರು, "ಆಫೀಸೇ ಇಲ್ದಿರೋ ಕೆಲಸಕ್ಕೆ ಆ ಊರಲ್ಲೇ ಯಾಕಿರ್ಬೇಕು? ಮನೇಲಿ ಕೂತ್ಕೊಂಡು ಮಾಡಕ್ಕಾಗಲ್ವಾ?" ಆಗುತ್ತಿತ್ತು. ನೆಟ್ಟು ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಜನ ಹೆಚ್ಚು, ಎಲ್ಲರಿಗೂ ನನ್ನ ಮುಖ ನೋಡಿ ಏನೋ ಒಂದು ಕೇಳಬೇಕು. ಒಬ್ಬಳೇ ಇರುವುದು ನನಗೆ ಇಷ್ಟವೆಂದೇ ಆಗ ಅಂದುಕೊಂಡಿದ್ದೆ.

ಕೆಲಸ ಇಂಥದ್ದು. ದೇಶದಲ್ಲಿ ಕಾಡು ಎಷ್ಟಿದೆ, ಕಾಡಿನ ಹೊರಗೆ ಮರಗಳು ಎಷ್ಟಿವೆ, ಎಲ್ಲಿ ಹೆಚ್ಚುತ್ತಿವೆ, ಎಲ್ಲಿ ಹೋಗುತ್ತಿವೆ ಎನ್ನುವ ಮಾಹಿತಿಯನ್ನೆಲ್ಲ ಒಂದೇ ಕಡೆ ಕೂಡಿಸುವ ಒಂದು ದೊಡ್ಡ ವ್ಯವಸ್ಥೆ ಕಟ್ಟುತ್ತಿದ್ದರು. ಅರಣ್ಯ ನೀತಿ ಬರೆಯುವವರು ನಾಳೆ ಆ ಅಂಕಿಗಳನ್ನು ನೋಡಿ ಬರೆಯುತ್ತಾರೆ. ಎಲ್ಲ ಮರಗಳನ್ನೂ ಯಾರೂ ಎಣಿಸಲಾರರು. ಆದ್ದರಿಂದ ಉಪಗ್ರಹದ ಚಿತ್ರದ ಮೇಲೆ ಅಲ್ಲಲ್ಲಿ ಚುಕ್ಕೆ ಹಾಕುತ್ತಾರೆ. ಒಂದೊಂದು ಚುಕ್ಕೆಯ ಕೆಳಗೆ ಏನಿದೆ ಎಂದು ನಮ್ಮಂಥವರು ಹೇಳಬೇಕು: ಕಾಡು, ಮರದ ತೋಪು, ಬೆಳೆ, ಬೀಳು, ಜನವಸತಿ, ನೀರು. ನನ್ನ ಪಾಲಿಗೆ ಬಂದದ್ದು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಚುಕ್ಕೆಗಳು. ಅಲ್ಲಿ ಕಾಡೆಂಬುದು ಬಹಳ ಇಲ್ಲ. ಇರುವುದೆಲ್ಲ ಗದ್ದೆಯ ಬದುವಿನ ತೆಂಗು, ಊರಾಚೆಯ ಹುಣಸೆ ತೋಪು, ಕಾಲುವೆ ಪಕ್ಕದ ಹೊಂಗೆಯ ಸಾಲು. ಇಂಥ ಚೂರುಪಾರು ಮರಗಳನ್ನು ಯಾವ ಪೆಟ್ಟಿಗೆಗೆ ಹಾಕಬೇಕು ಎನ್ನುವುದೇ ಕಷ್ಟ.

ಪ್ರತಿ ಚುಕ್ಕೆಯನ್ನೂ ಇಬ್ಬರು ನೋಡುತ್ತಿದ್ದರು. ತರಬೇತಿಯ ದಿನ ಬೆಂಗಳೂರಿನ ನಮ್ಮ ಮೇಲ್ವಿಚಾರಕರು, ತಲೆ ನರೆತ, ನಿಧಾನಕ್ಕೆ ಮಾತನಾಡುವ ಮನುಷ್ಯ, ತೆರೆಯ ಮೇಲೆ ಕಾಣಿಸಿಕೊಂಡು ಅದನ್ನು ವಿವರಿಸಿದ್ದರು. "ಒಬ್ಬರ ಕಣ್ಣನ್ನ ನಾವು ನಂಬಲ್ಲ. ಗುರುತು ಪರಿಚಯ ಇಲ್ಲದಿರೋ ಇಬ್ಬರು ಬೇರೆಬೇರೆ ಕೂತು ಒಂದೇ ಮಾತು ಹೇಳಿದ್ರೆ ನಂಬ್ತೀವಿ. ಅದೇ ಇಬ್ಬರು ಒಟ್ಟಿಗೆ ಟೀ ಕುಡಿದು ಒಂದೇ ಮಾತು ಹೇಳಿದ್ರೆ ಅದು ಒಂದೇ ಕಣ್ಣು. ಆದ್ರೆ ರಿಪೋರ್ಟಲ್ಲಿ ಎರಡು ಅಂತ ಬರುತ್ತೆ. ಅಲ್ಲಿಗೆ ಇಡೀ ಲೆಕ್ಕ ಸುಳ್ಳು." ಆದ್ದರಿಂದ ನನ್ನ ಜೊತೆ ಅದೇ ಚುಕ್ಕೆಗಳನ್ನು ನೋಡುವವರು ಯಾರು, ಎಲ್ಲಿದ್ದಾರೆ ಎಂದು ನನಗೆ ತಿಳಿಯಬಾರದು. ನಾನು ಯಾರೆಂದು ಅವರಿಗೂ ತಿಳಿಯಬಾರದು. ತಿಳಿದರೆ ಜೋಡಿ ಮುರಿಯುತ್ತದೆ. ತೆರೆಯ ಮೇಲೆ ಅವರ ಹೆಸರಿರಬೇಕಾದ ಕಡೆ "ಎರಡನೆಯವರು" ಎಂದಷ್ಟೇ ಇರುತ್ತಿತ್ತು. ಅವರ ತೆರೆಯ ಮೇಲೆ ಪ್ರಾಯಶಃ ನಾನು ಎರಡನೆಯವಳು.

ನಾವಿಬ್ಬರೂ ಒಂದು ಕಂತಿನ ಚುಕ್ಕೆಗಳನ್ನು ಮುಗಿಸಿದ ಮೇಲೆ ಒಪ್ಪಿದವು ಮಾಯವಾಗುತ್ತಿದ್ದವು. ಒಪ್ಪದವು ಕೆಂಪಾಗಿ ಉಳಿಯುತ್ತಿದ್ದವು. ಅವುಗಳ ಪಕ್ಕದಲ್ಲಿ ಇಬ್ಬರೂ ಒಂದೆರಡು ಸಾಲು ಕಾರಣ ಬರೆಯಬೇಕು. ಚುಕ್ಕೆಯ ವಿಷಯ ಬಿಟ್ಟು ಬೇರೇನನ್ನೂ ಬರೆಯುವಂತಿಲ್ಲ. ಹೀಗೆ ಎರಡನೆಯವರು ನನಗೆ ಪರಿಚಯವಾದದ್ದು ಭಿನ್ನಾಭಿಪ್ರಾಯಗಳ ಮೂಲಕ ಮಾತ್ರ. ಒಪ್ಪಿದ್ದು ಎಷ್ಟಿತ್ತೋ, ಅದು ನನ್ನ ಕಣ್ಣಿಗೆ ಎಂದೂ ಬೀಳಲಿಲ್ಲ.

ಮೊದಲು ನೆನಪಿರುವುದು ಒಂದು ಅರಳಿಮರ. ಚುಕ್ಕೆ ಒಂದು ಊರಿನ ನಡುವೆ ಬಿದ್ದಿತ್ತು. ಸುತ್ತ ಮನೆಗಳು. ನಾನು ಜನವಸತಿ ಎಂದೆ. ಎರಡನೆಯವರು ಮರ ಎಂದರು. "ಊರ ಕಟ್ಟೆ. ಜನ ಕೂರುವ ಜಾಗ" ಎಂದು ನಾನು ಕಾರಣ ಕೊಟ್ಟೆ. ಅವರು ಕನ್ನಡದಲ್ಲೇ ಉತ್ತರ ಬರೆದಿದ್ದರು: "ಕೆಳಗೆ ಕಟ್ಟೆ ಇರಬಹುದು. ನಮಗೆ ಕಾಣುತ್ತಿರುವುದು ಅರಳಿ. ಕಾಣುವುದನ್ನೇ ಬರೆಯೋಣ." ನಾನು ಸೋತೆ. ಇನ್ನೊಂದು ಸಲ ಹಸಿರು ಬಯಲೊಂದನ್ನು ನಾನು ಭತ್ತ ಎಂದುಕೊಂಡು ಬೆಳೆ ಎಂದಿದ್ದೆ. ಅವರು ನೀರು ಎಂದಿದ್ದರು. "ಇದು ಕೆರೆ. ಜೊಂಡು ತುಂಬಿದೆ. ಹೋದ ಬೇಸಿಗೆಯ ಚಿತ್ರ ನೋಡಿ, ಏರಿ ಕಾಣುತ್ತದೆ." ನೋಡಿದೆ. ಏರಿ ಕಂಡಿತು. ಹಾಗೆಂದು ಯಾವಾಗಲೂ ಅವರೇ ಸರಿಯಿರುತ್ತಿರಲಿಲ್ಲ. ಬಾಳೆ ತೋಟ ಕಂಡಾಗಲೆಲ್ಲ ಅವರು ಮರದ ತೋಪು ಎನ್ನುತ್ತಿದ್ದರು. ನಾಲ್ಕಾರು ಬಾರಿ ತಿದ್ದಿದ ಮೇಲೆ ಒಂದು ದಿನ, "ಸರಿ. ಇನ್ನು ಬಾಳೆಯ ವಿಷಯದಲ್ಲಿ ನಿಮ್ಮನ್ನು ಕಾಡುವುದಿಲ್ಲ" ಎಂದು ಬರೆದಿದ್ದರು. ನಿಯಮದ ಪ್ರಕಾರ ಆ ವಾಕ್ಯ ಬರೆಯುವಂತಿರಲಿಲ್ಲ. ಅದನ್ನು ಓದಿ ನಾನು ಒಬ್ಬಳೇ ನಕ್ಕೆ. ನಗು ಆ ಕೋಣೆಯಲ್ಲಿ ವಿಚಿತ್ರವಾಗಿ ಕೇಳಿಸಿತು.

ಕೆಲವು ತಿಂಗಳು ಹೀಗೇ ನಡೆಯಿತು. ನಿಜ ಹೇಳಬೇಕೆಂದರೆ ಆಗ ದಿನಕ್ಕೊಮ್ಮೆ ನನ್ನ ಜೊತೆ ಗಂಭೀರವಾಗಿ ಮಾತನಾಡುತ್ತಿದ್ದವರು ಅವರೊಬ್ಬರೇ. ಹಾಲಿನವರು, ಮನೆಯೊಡತಿ, ಬಸ್ಸಿನ ಕಂಡಕ್ಟರು, ಅಮ್ಮ, ಇವರ ಜೊತೆ ನಾನಾಡುತ್ತಿದ್ದ ಮಾತುಗಳಲ್ಲಿ ನಾನು ಏನು ನೋಡುತ್ತೇನೆ, ಹೇಗೆ ಯೋಚಿಸುತ್ತೇನೆ ಎನ್ನುವುದಕ್ಕೆ ಜಾಗವಿರಲಿಲ್ಲ. ಎರಡನೆಯವರಿಗೆ ಅದು ಗೊತ್ತಿತ್ತು. ನೆರಳಿನ ಉದ್ದ ನೋಡಿ ನಾನು ಮರದ ಎತ್ತರ ಊಹಿಸುತ್ತೇನೆ, ಅನುಮಾನವಿದ್ದರೆ ಹಿಂದಿನ ವರ್ಷಕ್ಕೆ ಹೋಗುತ್ತೇನೆ, ಹಟ ಮಾಡುತ್ತೇನೆ, ಆಮೇಲೆ ಬಿಡುತ್ತೇನೆ. ನನ್ನ ಬಗ್ಗೆ ಅಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಅವರನ್ನು ಒಮ್ಮೆ ನೋಡಬೇಕೆಂದು ಆಸೆಯಾಗುತ್ತಿತ್ತು. ನೋಡಿದರೆ ಅವರು ನನಗೆ ಇಲ್ಲವಾಗುತ್ತಾರೆ ಎನ್ನುವುದೂ ಗೊತ್ತಿತ್ತು. ನೋಡದೆ ಇರುವುದೇ ಅವರನ್ನು ಉಳಿಸಿಕೊಳ್ಳುವ ದಾರಿಯಾಗಿತ್ತು.

ಇಬ್ಬರೂ ಹಟ ಬಿಡದ ಚುಕ್ಕೆಗಳಿಗೆ ಮೂರನೆಯವರೊಬ್ಬರು ಜಾಗಕ್ಕೇ ಹೋಗಿ ಫೋಟೋ ತೆಗೆದು ಬರುತ್ತಿದ್ದರು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಡೆಂಗ್ಯೂ ಬಂತು. ವರದಿ ಕಳಿಸುವ ದಿನ ಹತ್ತಿರವಿತ್ತು. ಮೇಲ್ವಿಚಾರಕರು ಫೋನ್ ಮಾಡಿದರು. "ನಿಮಗೆ ಹತ್ತಿರ ಇರೋ ಒಂದಷ್ಟು ಪಾಯಿಂಟು ಕಳಿಸ್ತೀನಮ್ಮ. ನೀವು ಏನೂ ತೀರ್ಮಾನ ಮಾಡೋದು ಬೇಡ. ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ ತೆಗೆದು ಕಳಿಸಿ, ಸಾಕು. ನಾನು ನೋಡ್ಕೋತೀನಿ."

ಅವರು ಮಾಡಿದ್ದೇನೆಂದು ನನಗೆ ಆಮೇಲೆ ತಿಳಿಯಿತು: ಒಪ್ಪದ ಚುಕ್ಕೆಗಳನ್ನು ಯಾರಿಗೆ ಯಾವುದು ಹತ್ತಿರವೋ ಹಾಗೆ ಎರಡು ಪಾಲು ಮಾಡಿ, ಒಂದು ಪಾಲು ನನಗೆ, ಇನ್ನೊಂದು ಪಾಲು ಎರಡನೆಯವರಿಗೆ ಕಳಿಸಿದ್ದರು. ಒಂದು ಚುಕ್ಕೆ ಮಾತ್ರ ಎರಡೂ ಪಾಲಿನಲ್ಲಿ ಉಳಿದುಬಿಟ್ಟಿತ್ತು. ಅದು ನಂಜನಗೂಡಿಗೂ ನರಸೀಪುರಕ್ಕೂ ಸರಿಸುಮಾರು ನಡುವೆ ಇತ್ತು.

ಆ ಚುಕ್ಕೆಯ ಜಗಳ ಹಳೆಯದು. ಹೆಬ್ಬೇವು ನೆಟ್ಟ ಹೊಲ. ಈಚೆಗೆ ನಮ್ಮ ಕಡೆ ಬಹಳ ಜನ ಹೆಬ್ಬೇವು ಹಾಕುತ್ತಿದ್ದಾರೆ. ಬೇಗ ಬೆಳೆಯುತ್ತದೆ, ಪ್ಲೈವುಡ್ಡಿನವರು ಬಂದು ಕಡಿದುಕೊಂಡು ಹೋಗುತ್ತಾರೆ. ಗೆರೆ ಎಳೆದ ಹಾಗೆ ಸಾಲು, ಸಾಲಿನ ನಡುವೆ ಅರಿಶಿನ. ಕೆಲವು ವರ್ಷಕ್ಕೆ ನೆಲಸಮವಾಗುವುದು ಬೆಳೆಯೇ ಎಂದು ನನ್ನ ವಾದ. ನಿಂತಿರುವಷ್ಟು ದಿನ ಅದು ಮರವೇ ಎಂದು ಎರಡನೆಯವರ ವಾದ.

ಬಸ್ಸು ಇಳಿದು ಕಾಲುವೆ ಏರಿಯ ಮೇಲೆ ನಡೆದೆ. ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಮೊಬೈಲಿನ ನಕ್ಷೆಯಲ್ಲಿ ನನ್ನ ನೀಲಿ ಗುರುತು ಕೆಂಪು ಚುಕ್ಕೆಯ ಕಡೆ ಸರಿಯುತ್ತಿತ್ತು. ಹೊಲದ ಬದುವಿಗೆ ಬಂದಾಗ ಪೈಪು ಜೋಡಿಸುತ್ತಿದ್ದ ಒಬ್ಬ ಗಂಡಸು ತಲೆಯೆತ್ತಿದ. ಹೊಲದ ಯಜಮಾನನೆಂದು ನಿಂತ ಗತ್ತಿನಲ್ಲೇ ತಿಳಿಯುತ್ತಿತ್ತು.

"ಯಾರವ್ವಾ ಅದು? ರೋಡ್ ಅಳತೆ ಮಾಡೋರಾ?"

"ಅಲ್ಲಣ್ಣ. ಮರದ ಫೋಟೋ ತಗೊಳ್ಳೋಕೆ ಬಂದಿದ್ದೀನಿ."

"ಮರುದ್ ಫೋಟಾನಾ?" ಅವನು ಪೈಪು ಕೆಳಗಿಟ್ಟ. "ಆಗ್ಲೇ ಆ ಕಡೆಯಿಂದ ಒಬ್ರು ಬಂದವ್ರೆ. ಏನ್ರವ್ವಾ ಇದು, ನಮ್ ಮರ ಏನ್ ಮದ್ವೆಗ್ ಬಂದಿರೋ ಎಣ್ಣಾ, ಎರಡು ಕಡೆಯವ್ರೂ ನೋಡಕ್ ಬರಕ್ಕೆ?"

ಮೂರನೆಯವರಿಗೆ ಜ್ವರ ಬಿಟ್ಟಿರಬೇಕು, ಅವರೇ ಬಂದಿರಬಹುದು ಎಂದುಕೊಂಡು ಸಾಲಿನೊಳಗೆ ಹೋದೆ. ಕಣ್ಣು ಮೊಬೈಲಿನ ಮೇಲೇ ಇತ್ತು. ಇನ್ನು ಹತ್ತಿಪ್ಪತ್ತು ಹೆಜ್ಜೆ ಇರುವಾಗ ಎದುರಿನ ಸಾಲಿನಿಂದ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಹೆಗಲಿಗೆ ಚೀಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು. ಅವರೂ ಮೊಬೈಲನ್ನೇ ನೋಡುತ್ತಾ ಬರುತ್ತಿದ್ದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಮರದ ಬುಡಕ್ಕೆ ಬಂದು ನಿಂತು, ಆಮೇಲೆ ತಲೆಯೆತ್ತಿದೆವು. ಅವರ ಮೊಬೈಲಿನಲ್ಲಿ ನನ್ನದೇ ನಕ್ಷೆ ಇತ್ತು.

ಅವರು ನನ್ನ ಮೊಬೈಲನ್ನು ನೋಡಿದರು. ನನ್ನ ಮುಖ ನೋಡಿದರು.

"ಬೆಳೆ?" ಎಂದರು.

"ಮರದ ತೋಪು?" ಎಂದೆ.

ಆಗಲೇ ನಾವು ತಿರುಗಿ ಹೋಗಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅವರೇ ಮೊದಲು ಹೇಳಿದರು, "ನಾವಿಬ್ರೂ ಮಾತಾಡೋ ಹಾಗಿಲ್ಲ ಅಲ್ವಾ?"

"ಇಲ್ಲ."

"ಆಗ್ಲೇ ಮಾತಾಡ್ಬಿಟ್ವಲ್ಲ."

ಇಬ್ಬರಿಗೂ ನಗು ಬಂತು. ಹೊಲದವನು ಹಿಂದೆಯೇ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. "ಗುರುತೈತಾ ನಿಮ್ಗೆ? ಸರಿ. ಅದೇನ್ ಬರ್ಕೊಂಡೋಗಕ್ ಬಂದಿದ್ದೀರಾ ಅಂತ ಬಾಯ್ಬಿಟ್ಟು ಯೋಳಿ. ಕಾಡು ಅಂತ ಬರ್ಕೊಂಡ್ಬುಟ್ರೆ ನಾಳಿಕ್ಕೆ ನನ್ ಮರ ಕುಯ್ಯಕ್ಕೆ ಬುಟ್ಟಾರಾ?"

ನಾನು ವಿವರಿಸಿದೆ. ಇದು ಅವನ ಜಮೀನಿನ ಲೆಕ್ಕವಲ್ಲ, ಇಲ್ಲಿ ಅವನ ಹೆಸರಾಗಲಿ ಸರ್ವೆ ನಂಬರಾಗಲಿ ಇರುವುದಿಲ್ಲ, ಸಾವಿರಾರು ಕಡೆ ಹೀಗೆ ನೋಡಿ ಒಟ್ಟಿನಲ್ಲಿ ಮರ ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ. ಅವನು ಪೂರ್ತಿ ಕೇಳಿಸಿಕೊಂಡ. ನಂಬಿದ ಹಾಗೆ ಕಾಣಲಿಲ್ಲ.

"ಎಂಗಾರ ಆಗ್ಲಿ, ಬೆಳೆ ಅಂತ್ಲೇ ಬರ್ಕಳಿ. ನಾನ್ ನೆಟ್ಟಿದ್ದು, ನಾನ್ ಕುಯ್ಯೋದು."

"ನೋಡಿ, ನಿಮಗೊಂದು ಓಟು ಬಂತು" ಎಂದು ಎರಡನೆಯವರು ನನ್ನ ಕಡೆ ತಿರುಗಿ ಹೇಳಿದರು.

"ಓಟ್ ಯಾಕ್ ತಾಯಿ?" ಅವನು ಸ್ವಲ್ಪ ಯೋಚಿಸಿದ. "ಅಲ್ಲಾ, ಈ ಮರ ಹಾಕೋರ್ಗೆ ಸಬ್ಸಿಡಿ ಕೊಟ್ಟಾರು ಅಂತಾವ್ರಲ್ಲ, ಅದು ಇದ್ರಿಂದ್ಲೇ ಬರೋದಾ?"

"ಇರಬಹುದು, ಮುಂದೆ."

"ಅಂಗಾರೆ ಮರ ಅಂತ ಬರ್ಕಳಿ."

"ಈಗ ಓಟು ನನ್ನ ಕಡೆ" ಎಂದು ಅವರು ಗಟ್ಟಿಯಾಗಿ ನಕ್ಕರು. ಹೊಲದವನೂ ನಕ್ಕ. "ಓದ್ದೋರೆಲ್ಲ ಇಂಗೇ ಕಣವ್ವ, ಕಣ್ ಮುಂದೆ ನಿಂತಿರೋ ಮರುಕ್ಕೆ ಜಗಳ ಆಡ್ಕಂಡ್ ಬತ್ತೀರಿ" ಎಂದು ಪೈಪಿನ ಕಡೆ ಹೋದ.

ಫೋಟೋ ತೆಗೆದುಕೊಂಡೆವು. ಅವರು ಉತ್ತರಕ್ಕೆ ನಿಂತಾಗ ನಾನು ದಕ್ಷಿಣಕ್ಕೆ ನಿಂತೆ. ಆಮೇಲೆ ಕಾಲುವೆ ಏರಿಯ ಮೇಲೆ ಬಸ್ಸು ಬರುವವರೆಗೆ ಕೂತೆವು. ಅವರ ಮನೆ ನರಸೀಪುರದಲ್ಲಿ. ಭೂಗೋಳ ಓದಿದ್ದಾರೆ. ಮಗುವಿಗೆ ಎರಡು ತುಂಬುತ್ತಿದೆ. ಮಗು ಮಲಗಿದಾಗ ಚುಕ್ಕೆ ನೋಡುತ್ತಾರೆ. ಮಗು ಏಳುವ ಹೊತ್ತಾದಾಗ ನೋಡಿದ ಚುಕ್ಕೆಗಳಲ್ಲೇ ಬಾಳೆ ಮರವಾಗುತ್ತಿತ್ತಂತೆ. ಚೀಲದಿಂದ ಕಡಲೆಕಾಯಿ ತೆಗೆದು ನಮ್ಮಿಬ್ಬರ ನಡುವೆ ಸುರಿದರು.

"ನಿಮ್ಮನ್ನ ನಾನು ರಿಟೈರ್ಡ್ ಮೇಷ್ಟ್ರು ಅಂದ್ಕೊಂಡಿದ್ದೆ ಕಣ್ರೀ" ಎಂದರು.

"ಯಾಕೆ?"

"ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ. 'ಜಾಗದ ಉಪಯೋಗವನ್ನು ಗಮನಿಸಿ.' ಅಬ್ಬಾ! ನಮ್ಮ ಮನೆಯವರಿಗೆ ಓದಿ ತೋರಿಸ್ತಿದ್ದೆ. ಮೇಷ್ಟ್ರು ಇವತ್ತು ಬೈದ್ರು ನೋಡಿ ಅಂತ."

ನನ್ನ ಮಾತುಗಳನ್ನು ಒಂದು ಮನೆಯಲ್ಲಿ ಓದಿ ಹೇಳುತ್ತಿದ್ದರು ಎನ್ನುವುದನ್ನು ನಾನು ಎಂದೂ ಕಲ್ಪಿಸಿಕೊಂಡಿರಲಿಲ್ಲ. ಒಂದು ಕಡಲೆಕಾಯಿ ಬಿಡಿಸಿದೆ. ಆಮೇಲೆ ನಾವು ಚುಕ್ಕೆಗಳ ಬಗ್ಗೆ ಮಾತನಾಡಿದೆವು. ಆಡಬಾರದಿತ್ತು, ಆಡಿದೆವು. ಕೆರೆ, ಅರಳಿ, ಹುಣಸೆ ತೋಪಿನ ನೆರಳು. ಒಂದು ಚುಕ್ಕೆಯ ವಿಷಯ ಅವರು ಶುರುಮಾಡಿದರೆ ನನಗೆ ಅದರ ಪಕ್ಕದ ಹಂಚಿನ ಮನೆಯೂ ನೆನಪಿರುತ್ತಿತ್ತು. ಇಬ್ಬರೂ ಎಂದೂ ಕಾಲಿಡದ ಊರುಗಳಲ್ಲಿ ನಾವು ಒಟ್ಟಿಗೆ ತಿರುಗಾಡಿದ್ದೆವು. ನಂಬರು ಕೊಟ್ಟುಕೊಂಡೆವು. ಅವರ ಬಸ್ಸು ಮೊದಲು ಬಂತು.

ಆಮೇಲೆ ನಾನು ಫೋನ್ ಮಾಡಲಿಲ್ಲ. ಅವರೂ ಮಾಡಲಿಲ್ಲ. ಮಾತು ಅಲ್ಲಿಗೇ ನಿಂತರೆ ಜೋಡಿ ಉಳಿಯಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಅವರೂ ಹಾಗೇ ಹಾಕಿರಬೇಕು. ಮುಂದಿನ ಕಂತಿನ ಚುಕ್ಕೆಗಳು ಬಂದವು. ನೋಡಲು ಕೂತರೆ ಹೊಸದೊಂದು ತೊಂದರೆ. ಒಂದು ತೋಪು ಕಂಡರೆ ಅವರು ಏನೆನ್ನುತ್ತಾರೆ ಎನ್ನುವುದು ನನಗೆ ಅವರ ಧ್ವನಿಯಲ್ಲೇ ಕೇಳಿಸುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ನನ್ನ ಕಣ್ಣಿನಿಂದ ಮಾತ್ರ ನೋಡಲು ಪ್ರಯತ್ನಿಸುತ್ತಿದ್ದೆ. ಪ್ರಯತ್ನಿಸಿ ಒತ್ತಿದ ಉತ್ತರ ನನ್ನದೋ, ಅವರದಾಗದಿರಲೆಂದು ಬೇಕೆಂದೇ ಬೇರೆ ಮಾಡಿದ್ದೋ ಎಂದು ಮತ್ತೆ ಅನುಮಾನ. ಕಂತು ಮುಗಿದಾಗ ತೆರೆಯ ಮೇಲೆ ಕೆಂಪು ಬಹಳ ಕಡಿಮೆಯಿತ್ತು. ಅದರ ಮುಂದಿನದರಲ್ಲಿ ಇನ್ನೂ ಕಡಿಮೆ. ಒಪ್ಪಿದ ಚುಕ್ಕೆಗಳೆಲ್ಲ ಮಾಯವಾಗಿ ಹೆಚ್ಚುಕಡಿಮೆ ಖಾಲಿಯಾದ ಆ ನಕ್ಷೆ ನೋಡಿ ನನಗೆ ಸಂತೋಷವಾಗಬೇಕಿತ್ತು. ಭಯವಾಯಿತು. ಟಿಪ್ಪಣಿ ಬರೆಯಲು ಜಾಗವೇ ಇರಲಿಲ್ಲ.

ಮೇಲ್ವಿಚಾರಕರಿಗೂ ಅದು ಕಂಡಿತು. ಹೆಬ್ಬೇವಿನ ಚುಕ್ಕೆಗೆ ಎರಡು ಸಲ ಫೋಟೋ ಬಂದಿರುವುದೂ, ಎರಡನೆಯವರು ತೆಗೆದ ಒಂದರ ಅಂಚಿನಲ್ಲಿ ನನ್ನ ದುಪಟ್ಟಾ ಸಿಕ್ಕಿರುವುದೂ ಕಂಡಿತು. ಒಂದು ಬೆಳಿಗ್ಗೆ ಫೋನ್ ಬಂತು. ಕೆಳಗೆ ಮೋಟಾರು ಓಡುತ್ತಿತ್ತು. ನಾನು ಕಿಟಕಿ ಮುಚ್ಚಿ ಕೇಳಿಸಿಕೊಂಡೆ.

"ಒಂದು ವಿಷಯ ಕೇಳ್ಬೇಕಮ್ಮ. ಆ ಪಾಯಿಂಟು ಎರಡೂ ಪಟ್ಟೀಲಿ ಹೋಗಿತ್ತು. ಅದು ನನ್ನ ತಪ್ಪು, ನಿಮ್ದಲ್ಲ. ಅವತ್ತು ನೀವಿಬ್ರೂ ಒಂದೇ ಹೊತ್ತಿಗೆ ಅಲ್ಲಿದ್ರಿ ಅಂತ ಕಾಣುತ್ತೆ. ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತಾಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು. "ಈಗ್ಲೇ ಹೇಳ್ಬೇಡಿ. ಸಂಜೆಯೊಳಗೆ ಹೇಳಿ. ಸುಮ್ನೆ ನೋಡಿ ಹೊರಟುಹೋದ್ವಿ ಅಂದ್ರೆ ನಾನು ಹಾಗೇ ಬರ್ಕೋತೀನಿ, ಜೋಡಿ ಮುಂದುವರಿಯುತ್ತೆ. ಮಾತಾಡಿದ್ವಿ ಅಂದ್ರೆ ಅವತ್ತಿನಿಂದೀಚೆಗೆ ಮಾಡಿದ್ದನ್ನೆಲ್ಲ ತೆಗೆದು ಬೇರೆಯವರ ಹತ್ರ ಮಾಡಿಸ್ಬೇಕು. ನಿಮ್ಮಿಬ್ಬರನ್ನೂ ಬೇರೆ ಜಿಲ್ಲೆಗಳಿಗೆ ಹಾಕ್ಬೇಕು. ಇನ್ನೊಬ್ಬರನ್ನೂ ಇದನ್ನೇ ಕೇಳಿದ್ದೀನಿ. ಬೇರೆಯಾಗಿ."

ಫೋನಿಟ್ಟು ಕಿಟಕಿ ತೆರೆದೆ. ಮೇಲ್ವಿಚಾರಕರು ಕೇಳಿದ ರೀತಿ ಚುಕ್ಕೆಯ ರೀತಿಯೇ. ಒಂದೇ ಪ್ರಶ್ನೆ, ಇಬ್ಬರಿಗೆ, ಬೇರೆಬೇರೆಯಾಗಿ. ನಾನು ಹೌದು ಎಂದು, ಎರಡನೆಯವರು ಇಲ್ಲ ಎಂದಿದ್ದರೆ, ಅವರು ಸುಳ್ಳು ಹೇಳಿದಂತಾಗುತ್ತದೆ. ಮಗು ಮಲಗಿದ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಅವರಿಗೆ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ. ನಾನು ಇಲ್ಲ ಎಂದು, ಅವರು ಹೌದು ಎಂದಿದ್ದರೆ, ಸುಳ್ಳು ನನ್ನದು. ಇಬ್ಬರೂ ಇಲ್ಲ ಎಂದರೆ ಎಲ್ಲವೂ ಇದ್ದಹಾಗೇ ಇರುತ್ತದೆ. ಕೆಂಪು ಚುಕ್ಕೆ ಇಲ್ಲದ ನಕ್ಷೆ ಮೇಲಕ್ಕೆ ಹೋಗುತ್ತದೆ. ಎರಡು ಕಣ್ಣು ಎಂದು ಹೇಳಿಕೊಂಡು ಒಂದೂವರೆ ಕಣ್ಣಿನ ಅಂಕಿ ವರದಿಯೊಳಗೆ ಕೂರುತ್ತದೆ. ಅದನ್ನು ನಂಬಿ ಯಾರೋ ಎಲ್ಲೋ ಒಂದು ನಿಯಮ ಬರೆಯುತ್ತಾರೆ. ಇಲ್ಲಿ ತೋಪುಗಳು ಸಾಕಷ್ಟಿವೆ ಎಂದೋ, ಇಲ್ಲಿ ಉಳಿದಿಲ್ಲ ಎಂದೋ. ಬರೆಯುವವರು ನಮ್ಮನ್ನು ಕೇಳಲು ಬರುವುದಿಲ್ಲ.

ಎರಡನೆಯವರ ನಂಬರು ನನ್ನ ಮೊಬೈಲಿನಲ್ಲಿತ್ತು. ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು: ನೀವು ಏನು ಹೇಳಿದಿರಿ? ಹಲವು ಸಲ ನಂಬರು ತೆರೆದು ನೋಡಿದೆ. ಕೇಳಿದ ಕ್ಷಣವೇ ನಾವು ಮೇಲ್ವಿಚಾರಕರು ಅಂದುಕೊಂಡದ್ದೇ ಆಗಿಬಿಡುತ್ತೇವೆ, ಒಟ್ಟಿಗೆ ಕೂತು ಒಂದೇ ಮಾತು ಹೇಳುವವರು. ನರಸೀಪುರದಿಂದಲೂ ಫೋನ್ ಬರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು. ನಾನು ಅನ್ನ ಮಾಡಿಕೊಂಡೆ, ತಿನ್ನಲಿಲ್ಲ. ಹೊಳೆಯ ಕಡೆ ಹೋಗಿ ಸೋಪಾನದ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ. ಯಾತ್ರೆಗೆ ಬಂದವರು ಮಕ್ಕಳ ತಲೆಗೆ ನೀರು ಹುಯ್ಯುತ್ತಿದ್ದರು. ಅಲ್ಲಿಯೂ ಫೋನನ್ನು ಕೈಯಲ್ಲೇ ಹಿಡಿದಿದ್ದೆ. ಅದು ಸುಮ್ಮನಿತ್ತು. ನರಸೀಪುರದಲ್ಲಿಯೂ ಒಂದು ಫೋನು ಹೀಗೇ ಯಾರದೋ ಕೈಯಲ್ಲಿ ಸುಮ್ಮನಿದೆ ಎಂದು ನನಗೆ ಖಚಿತವಾಗಿ ಅನ್ನಿಸಿತು. ಅಂದು ಅವರು ಫೋನ್ ಮಾಡದೆ ಇದ್ದುದರಿಂದ ಅವರು ನನಗೆ ಎಷ್ಟು ಹತ್ತಿರವಾದರೋ, ಏರಿಯ ಮೇಲೆ ಕಡಲೆಕಾಯಿ ತಿನ್ನುವಾಗಲೂ ಅಷ್ಟು ಹತ್ತಿರವಿರಲಿಲ್ಲ.

ಸಂಜೆ ನಾನೇ ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

"ಮಾತಾಡಿದ್ವಿ ಸರ್. ಹೆಬ್ಬೇವಿನ ಬಗ್ಗೇನೂ ಮಾತಾಡಿದ್ವಿ, ಹಳೇ ಪಾಯಿಂಟುಗಳ ಬಗ್ಗೇನೂ ಮಾತಾಡಿದ್ವಿ. ಆಮೇಲೆ ಮಾತಾಡಿಲ್ಲ. ಆದ್ರೆ ಆಮೇಲಿಂದ ನಾನು ಒಬ್ಬಳೇ ನೋಡ್ತಿದ್ದೀನಿ ಅಂತ ನನಗೆ ಖಾತ್ರಿಯಿಲ್ಲ."

"ಸರಿ" ಎಂದರು. ಆಮೇಲೆ, ಹೇಳಬೇಕೋ ಬೇಡವೋ ಎಂಬ ಹಾಗೆ, "ಅವರೂ ಬೆಳಿಗ್ಗೇನೇ ಇದನ್ನೇ ಹೇಳಿದ್ರು. ಖಾತ್ರಿಯಿಲ್ಲ ಅನ್ನೋದನ್ನೂ ಸೇರಿಸಿ. ನೀವು ಹೇಳೋದನ್ನ ಕೇಳ್ದೆ ನಾನು ಹೇಳೋ ಹಾಗಿರ್ಲಿಲ್ಲ" ಎಂದರು.

ಒಪ್ಪಿದ ಚುಕ್ಕೆ ಅದು. ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. ಅಂದೇ ನಮ್ಮ ಜೋಡಿ ತೆಗೆದರು.

ಬೆಳಿಗ್ಗೆ ಲ್ಯಾಪ್‌ಟಾಪು ತೆರೆದಾಗ ಬೇರೆ ಜಿಲ್ಲೆಯ ಚುಕ್ಕೆಗಳಿದ್ದವು. ನೆಲದ ಬಣ್ಣವೇ ಬೇರೆ. "ಎರಡನೆಯವರು" ಎನ್ನುವ ಅಕ್ಷರಗಳು ಮಾತ್ರ ಅದೇ ಜಾಗದಲ್ಲಿ ಇದ್ದವು. ಈ ಹೊಸಬರು ಕಾರಣ ಬರೆಯುವುದಿಲ್ಲ. "ಒಪ್ಪುವುದಿಲ್ಲ" ಎಂಬ ಗುಂಡಿ ಒತ್ತಿ ಮುಂದೆ ಹೋಗುತ್ತಾರೆ. ನಾನು ಈಗಲೂ ಒಂದೆರಡು ಸಾಲು ಬರೆಯುತ್ತೇನೆ.

ಒಂದೆರಡು ವಾರ ಬಿಟ್ಟು ನರಸೀಪುರಕ್ಕೆ ಫೋನ್ ಮಾಡಿದೆ. ಇನ್ನು ಮಾತನಾಡಲು ನಮಗೆ ಯಾವ ಅಡ್ಡಿಯೂ ಇರಲಿಲ್ಲ. ಅವರು ಸಂತೋಷದಿಂದಲೇ ಮಾತನಾಡಿದರು. "ಏನ್ ಮೇಷ್ಟ್ರೇ!" ಎಂದರು. ಊಟ ಆಯಿತೇ ಎಂದು ಕೇಳಿದರು. ನಾನು ಮಗುವನ್ನು ವಿಚಾರಿಸಿದೆ. ಶೀತ, ಈಗ ವಾಸಿ ಎಂದರು. ನಂಜನಗೂಡಿನಲ್ಲಿ ಮಳೆ ಬಂತೇ ಎಂದರು. ಬಂತು ಎಂದೆ. ಆ ದಿನ ಮೇಲ್ವಿಚಾರಕರು ಕೇಳಿದ್ದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಅದರಲ್ಲಿ ಹೇಳಲು ಉಳಿದದ್ದೇನೂ ಇರಲಿಲ್ಲ. ಮಾತು ಮುಗಿದುಹೋಗುತ್ತಿದೆ ಎನ್ನುವುದು ಇಬ್ಬರಿಗೂ ತಿಳಿಯಿತು. ನಮ್ಮಿಬ್ಬರಿಗೂ ಚೆನ್ನಾಗಿ ಬರುತ್ತಿದ್ದದ್ದು ಒಂದು ವಸ್ತುವನ್ನು ನಡುವೆ ಇಟ್ಟುಕೊಂಡು ಒಪ್ಪದೆ ಇರುವುದು. ಈಗ ನಡುವೆ ಏನೂ ಇರಲಿಲ್ಲ.

ಅವರೇ ಪ್ರಯತ್ನಿಸಿದರು. "ಈಗ ಯಾವ ಕಡೆ ಪಾಯಿಂಟ್ಸು ಕೊಟ್ಟಿದ್ದಾರೆ ನಿಮಗೆ?"

"ಹೇಳೋ ಹಾಗಿಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಹೌದಲ್ವಾ" ಎಂದರು ಮೆಲ್ಲಗೆ. "ಯಾರಿಗೆ ಗೊತ್ತು, ನಿಮ್ಮ ಜೋಡಿ ಮತ್ತೆ ನಾನೇ ಇದ್ರೂ ಇರಬಹುದು."

ಅಷ್ಟರಲ್ಲಿ ಆ ಕಡೆ ಮಗು ಎದ್ದು ಅಳತೊಡಗಿತು. "ಒಂದ್ನಿಮಿಷ ಇರಿ" ಎಂದು ಹೋದರು. ಅಳು ನಿಂತಿತು. ಫೋನು ಮಗುವಿನ ಕೈಗೆ ಸಿಕ್ಕಿರಬೇಕು. ಉಸಿರು ಬಹಳ ಹತ್ತಿರದಿಂದ ಕೇಳಿಸಿತು, ಶೀತ ಇನ್ನೂ ಪೂರ್ತಿ ಹೋಗಿರದ ಉಸಿರು. ನಾನು ಏನಾದರೂ ಹೇಳಬಹುದಿತ್ತು. ಮಕ್ಕಳ ಜೊತೆ ಏನು ಮಾತನಾಡುತ್ತಾರೋ ನನಗೆ ಅಷ್ಟು ಗೊತ್ತಿಲ್ಲ. ಅದೂ ಕಿವಿಗೊಟ್ಟು ಕೇಳುತ್ತಿತ್ತು, ನಾನೂ ಕೇಳುತ್ತಿದ್ದೆ. ಹಾಗೇ ಸ್ವಲ್ಪ ಹೊತ್ತಿದ್ದು ಮಗು ಯಾವುದೋ ಗುಂಡಿ ಒತ್ತಿತು, ಫೋನು ಕಟ್ಟಾಯಿತು.